ಗಾಡಿಯೇ ಮನೆ, ಮಗುವಿಗೆ ಹಾಸಿಗೆ ಎಲ್ಲಿ?



ರಜೆಯ ಪ್ರವಾಸಗಳ ಬಗ್ಗೆ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಮಾತಾಡಿದ ಮೇಲೆ ಹಲವರು ಪತ್ರ ಬರೆದಿದ್ದೀರಿ. ಅವುಗಳಲ್ಲಿ ಡೊಂಬಿವಲಿಯ ಒಬ್ಬ ತಾಯಿಯ ಪತ್ರ ನನ್ನ ಮನಸ್ಸಿನಲ್ಲಿ ಉಳಿಯಿತು. "ಅಕ್ಕಾ, ಈ ಸಲ ಊರಿಗೆ ರೈಲಿನಲ್ಲಿ ಹೋಗುವುದು ಬೇಡ, ಕ್ಯಾಂಪರ್ ವ್ಯಾನ್ ಬಾಡಿಗೆಗೆ ತಗೊಂಡು ಕೊಂಕಣದ ದಾರಿಯಲ್ಲಿ ನಿಂತು ನಿಂತು ಉಡುಪಿಗೆ ಹೋಗೋಣ ಅಂತ ನಮ್ಮ ಯಜಮಾನರು ಹೇಳುತ್ತಿದ್ದಾರೆ. ದೊಡ್ಡವನಿಗೆ ಐದು ವರ್ಷ, ಚಿಕ್ಕವಳಿಗೆ ಒಂದೂವರೆ. ನಾಲ್ಕು ಜನ ಮಲಗಬಹುದು ಅಂತ ಗಾಡಿಯವರು ಹೇಳುತ್ತಾರೆ. ಆದರೆ ಮಕ್ಕಳನ್ನು ಎಲ್ಲಿ ಮಲಗಿಸುವುದು?"

ಎರಡೇ ಸಾಲಿನ ಪ್ರಶ್ನೆ. ಉತ್ತರ ಎರಡು ಸಾಲಿನಲ್ಲಿ ಮುಗಿಯುವುದಿಲ್ಲ. ಇದೇ ಪ್ರಶ್ನೆಯನ್ನು ಕೇಳದೆ ಹೊರಟು ಒಂದು ರಾತ್ರಿ ಪಾಠ ಕಲಿತವಳು ನಾನು. ಹಾಗಾಗಿ ಈ ಸಂಚಿಕೆಯಲ್ಲಿ ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಏನಿದು ಕ್ಯಾಂಪರ್ ವ್ಯಾನ್?

ಟೆಂಪೋ ಟ್ರಾವೆಲರ್‌ನಂಥ ಒಂದು ಗಾಡಿಯೊಳಗೆ ಹಾಸಿಗೆ, ಪುಟ್ಟ ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಕೆಲವದರಲ್ಲಿ ಟಾಯ್ಲೆಟ್, ಇಷ್ಟನ್ನು ಕೂರಿಸಿದರೆ ಅದೇ ಕ್ಯಾಂಪರ್ ವ್ಯಾನ್. ದೊಡ್ಡದಾದರೆ ಕ್ಯಾರವಾನ್ ಎನ್ನುತ್ತಾರೆ. ಹಗಲು ಪ್ರಯಾಣ, ರಾತ್ರಿ ಅದರಲ್ಲೇ ನಿದ್ದೆ. ಹೊರದೇಶಗಳಲ್ಲಿ ಇದು ಹಳೆಯ ರೂಢಿ. ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ 1951ರಲ್ಲೇ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಹಾಸಿಗೆ, ಕಪಾಟು ಜೋಡಿಸಿ ಮಾರಲು ಶುರುಮಾಡಿತ್ತು. ನಮ್ಮಲ್ಲಿ ಈಚೆಗೆ ಬೆಳೆಯುತ್ತಿದೆ. ಮಹಾರಾಷ್ಟ್ರ ಮತ್ತು ಕೇರಳ ಸರ್ಕಾರಗಳು 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ಪ್ರಕಟಿಸಿದವು. ಕೇರಳದ ವಾಗಮಣ್‌ನಲ್ಲಿ 2022ರಲ್ಲಿ ಆ ರಾಜ್ಯದ ಮೊದಲ ಕ್ಯಾರವಾನ್ ಪಾರ್ಕ್ ಆರಂಭವಾಯಿತು.

ಆ ಹಳೆಯ ಫೋಕ್ಸ್‌ವ್ಯಾಗನ್ ಗಾಡಿಗಳಲ್ಲಿ ಒಂದು ಚಂದದ ಸಂಗತಿ ಇತ್ತು. ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಮುಂದಿನ ಸೀಟುಗಳ ಮೇಲ್ಭಾಗದಲ್ಲಿ ಎರಡು ಕೋಲು ಅಡ್ಡ ಸಿಕ್ಕಿಸಿ, ಅವುಗಳಿಗೆ ಕ್ಯಾನ್ವಾಸ್ ಬಟ್ಟೆ ಬಿಗಿದು ಮಗುವಿಗೆಂದೇ ಒಂದು ಹಾಸಿಗೆ ಮಾಡುತ್ತಿದ್ದರು. ಅಂದರೆ ಎಷ್ಟೋ ವರ್ಷದ ಹಿಂದೆ ಆ ಗಾಡಿ ಮಾಡಿದವರಿಗೂ ಡೊಂಬಿವಲಿಯ ತಾಯಿಗೆ ಬಂದ ಪ್ರಶ್ನೆಯೇ ಬಂದಿತ್ತು. ದೊಡ್ಡವರ ಹಾಸಿಗೆ ಸುಲಭ. ಮಗುವಿನದ್ದೇ ಕಷ್ಟ.

ನಮ್ಮ ಆ ಒಂದು ರಾತ್ರಿ

ನಾವು ಹೊರಟದ್ದು ಒಂದು ಡಿಸೆಂಬರ್‌ನಲ್ಲಿ. ನಾನು, ನಮ್ಮವರು, ಅತ್ತೆ, ಮತ್ತು ಎರಡೂವರೆ ವರ್ಷದ ಮಗಳು. ಗಾಡಿ ಬಾಡಿಗೆಗೆ ಕೊಟ್ಟವರು "ನಾಲ್ಕು ಜನಕ್ಕೆ ಆರಾಮ" ಅಂದರು. ನಾವೂ ಲೆಕ್ಕ ಹಾಕಿದೆವು. ಹಿಂದಿನ ದೊಡ್ಡ ಹಾಸಿಗೆ ಅತ್ತೆಗೂ ನನಗೂ, ಮೇಲಿನ ಬರ್ತ್ ನಮ್ಮವರಿಗೆ, ಊಟದ ಮೇಜು ಕೆಳಗಿಳಿಸಿ ಸೀಟಿನ ಕುಶನ್ ಜೋಡಿಸಿದರೆ ಆಗುವ ಹಾಸಿಗೆ ಮಗಳಿಗೆ. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು.

ಮೊದಲ ರಾತ್ರಿ ಗಣಪತಿಪುಳೆಯ ಹತ್ತಿರ ನಿಂತೆವು. ಎರಡು ಗಂಟೆಯ ಹೊತ್ತಿಗೆ "ದಡ್" ಎಂದು ಸದ್ದು. ಹಿಂದೆಯೇ ಮಗಳ ಅಳು. ನಾನು ಎದ್ದೆ, ಕತ್ತಲು, ದೀಪದ ಸ್ವಿಚ್ ಎಲ್ಲಿದೆ ಅಂತ ಗೊತ್ತಾಗಲಿಲ್ಲ. ನಮ್ಮವರು ಮೇಲಿನಿಂದ ಇಳಿಯಲು ಹೋಗಿ ತಲೆ ಬಡಿಸಿಕೊಂಡರು. ಮಗಳು ಎರಡು ಕುಶನ್‌ಗಳ ನಡುವೆ ಜಾರಿ, ಒಂದು ಕಾಲು ಸಂದಿಯಲ್ಲಿ ಸಿಕ್ಕಿಕೊಂಡು, ತಲೆ ಕೆಳಗಾಗಿ ನೆಲಕ್ಕೆ ಬಿದ್ದಿದ್ದಳು. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಊತ. ಹತ್ತಿರದ ಆಸ್ಪತ್ರೆ ಎಲ್ಲಿ, ಎಷ್ಟು ದೂರ, ನಮಗೆ ಯಾರಿಗೂ ಗೊತ್ತಿರಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ.

ದೇವರ ದಯೆ, ಹೆಚ್ಚೇನೂ ಆಗಲಿಲ್ಲ. ವಾಂತಿ ಇಲ್ಲ, ಮಂಪರು ಇಲ್ಲ, ಸ್ವಲ್ಪ ಹೊತ್ತಿನಲ್ಲಿ ನೀರು ಕುಡಿದು ಆಟಕ್ಕೆ ಶುರು ಮಾಡಿದಳು. ಬೆಳಗಾದ ಮೇಲೆ ಡಾಕ್ಟರಿಗೆ ತೋರಿಸಿದೆವು. ಆದರೆ ಬೆಳಗಿನವರೆಗೆ ನಾವು ಮೂವರೂ ಕಣ್ಣು ಮುಚ್ಚಲಿಲ್ಲ. ಎದ್ದು ಕೂತಿದ್ದ ಅತ್ತೆ ಒಂದೇ ಮಾತು ಹೇಳಿದರು: "ನಾಲ್ಕು ಜನ ಮಲಗಬಹುದು ಅಂದ್ರು, ಅದರಲ್ಲಿ ಒಬ್ಬರು ಮಗು ಅಂತ ನಾವು ಹೇಳಿದ್ವಾ?"

ಹೇಳಿರಲಿಲ್ಲ. ನನಗೆ ಅಂದು ತಿಳಿದದ್ದು ಇಷ್ಟೇ. ಗಾಡಿ ಆರಿಸಿ ಆಮೇಲೆ ಮಗುವಿಗೆ ಜಾಗ ಹುಡುಕುವುದಲ್ಲ. ಮಗುವಿನ ಜಾಗ ಮೊದಲು ಗೊತ್ತು ಮಾಡಿ, ಆಮೇಲೆ ಗಾಡಿ ಆರಿಸಬೇಕು.

ಓಡುವಾಗ ಸೀಟು, ನಿಂತಾಗ ಹಾಸಿಗೆ

ಎಲ್ಲಕ್ಕಿಂತ ಮೊದಲಿನ ನಿಯಮ ಇದು. ಗಾಡಿ ಓಡುತ್ತಿರುವಾಗ ಹಾಸಿಗೆಯ ಮೇಲೆ ಯಾರೂ ಮಲಗಬಾರದು, ಮಗುವಂತೂ ಕೂಡದು. "ರಾತ್ರಿ ಮಗು ಹಿಂದೆ ಹಾಸಿಗೆಯಲ್ಲಿ ಮಲಗಿರುತ್ತೆ, ನಾವು ಆರಾಮವಾಗಿ ನೂರಿನ್ನೂರು ಕಿಲೋಮೀಟರ್ ಸಾಗಿಬಿಡಬಹುದು" ಎಂಬ ಆಸೆ ಎಲ್ಲರಿಗೂ ಬರುತ್ತದೆ. ನಮಗೂ ಬಂದಿತ್ತು.

ಒಂದು ಸಣ್ಣ ಲೆಕ್ಕ ನೋಡಿ. ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದು ಯಾವುದಕ್ಕಾದರೂ ಗುದ್ದಿ ನಿಂತಿತು ಅನ್ನಿ. ಗಾಡಿ ನಿಂತರೂ ಹಾಸಿಗೆಯ ಮೇಲಿನ ಮಗು ನಿಲ್ಲುವುದಿಲ್ಲ, ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಆ ವೇಗ ಎಂದರೆ ಸುಮಾರು 14 ಮೀಟರ್ ಎತ್ತರದಿಂದ, ಅಂದರೆ ನಮ್ಮ ಮುಂಬೈ ಕಟ್ಟಡಗಳ ನಾಲ್ಕನೇ ಮಹಡಿಯಿಂದ, ಬಿದ್ದ ವೇಗಕ್ಕೆ ಸಮ. ಪಕ್ಕದಲ್ಲಿ ಅಜ್ಜಿ ಕೂತು ಕೈ ಅಡ್ಡ ಇಟ್ಟುಕೊಂಡರೆ ಅದನ್ನು ತಡೆಯಲು ಆಗುವುದಿಲ್ಲ. ಮಡಿಲಲ್ಲಿ ಕೂರಿಸಿಕೊಂಡರೂ ಆಗುವುದಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ 14 ವರ್ಷದೊಳಗಿನ ಮಗುವಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಸೀಟು ಇಲ್ಲದೆ ಗಾಡಿ ಓಡಿಸಿದರೆ 1,000 ರೂಪಾಯಿ ದಂಡವಿದೆ. ದಂಡದ ಮಾತು ಬಿಡಿ, ಮಗುವಿಗೆ ಬೇಕಾದ್ದು ಅದರ ವಯಸ್ಸು, ತೂಕಕ್ಕೆ ತಕ್ಕ ಚೈಲ್ಡ್ ಸೀಟು. ಅದನ್ನು ಮುಂದಕ್ಕೆ ಮುಖ ಮಾಡಿರುವ, ಭುಜದ ಮೇಲೂ ಸೊಂಟದ ಮೇಲೂ ಬರುವ ಬೆಲ್ಟ್ ಇರುವ ಗಾಡಿಯ ಸೀಟಿನ ಮೇಲೆ ಬಿಗಿಯಬೇಕು. ಹಲವು ಕ್ಯಾಂಪರ್ ವ್ಯಾನ್‌ಗಳಲ್ಲಿ ಹಿಂದಿನ ಸೀಟುಗಳು ಪಕ್ಕಕ್ಕೆ ಮುಖ ಮಾಡಿರುತ್ತವೆ, ನಮ್ಮ ಹಳೆಯ ಜೀಪುಗಳಲ್ಲಿ ಇದ್ದ ಹಾಗೆ. ಅಂಥ ಸೀಟಿನ ಮೇಲೆ ಚೈಲ್ಡ್ ಸೀಟು ಕಟ್ಟಬಾರದು. ಎಳೆ ಕೂಸಿನ ಹಿಮ್ಮುಖ ಸೀಟನ್ನು ಏರ್‌ಬ್ಯಾಗ್ ಕೆಲಸ ಮಾಡುವ ಮುಂದಿನ ಸೀಟಿನ ಮೇಲೂ ಇಡಬಾರದು.

ಓಡುವಾಗ ಮಗು ಸೀಟಿನಲ್ಲೇ ನಿದ್ದೆ ಹೋದರೆ ಹೋಗಲಿ. ಆದರೆ ಗಾಡಿ ನಿಲ್ಲಿಸಿದ ಮೇಲೆ "ಪಾಪ, ಎಬ್ಬಿಸೋದು ಬೇಡ" ಅಂತ ಹಾಗೆಯೇ ಬಿಡಬೇಡಿ. ಎಳೆ ಮಕ್ಕಳ ಕುತ್ತಿಗೆಗೆ ಬಲ ಇರುವುದಿಲ್ಲ. ಸೀಟಿನಲ್ಲಿ ಗಲ್ಲ ಎದೆಗೆ ಒತ್ತಿಕೊಂಡರೆ ಉಸಿರಿನ ದಾರಿ ಕಿರಿದಾಗುತ್ತದೆ. ಬೆಲ್ಟ್ ಬಿಚ್ಚಿ, ಎತ್ತಿ, ಸಮತಟ್ಟಾದ ಜಾಗದಲ್ಲಿ ಮಲಗಿಸಿ. ಎರಡು ಗಂಟೆಗೊಮ್ಮೆ ನಿಲ್ಲಿಸುವ ಅಭ್ಯಾಸ ಮಾಡಿಕೊಂಡರೆ ಮಗುವಿಗೂ ಒಳ್ಳೆಯದು, ಗಾಡಿ ಓಡಿಸುವವರಿಗೂ ಒಳ್ಳೆಯದು.

ವಯಸ್ಸು ನೋಡಿ ಹಾಸಿಗೆ

ಮಗು ಅಂದರೆ ಎಲ್ಲ ಮಗುವೂ ಒಂದೇ ಅಲ್ಲ. ಆರು ತಿಂಗಳ ಕೂಸಿಗೆ ಹೇಳಿದ್ದು ಐದು ವರ್ಷದ ಹುಡುಗನಿಗೆ ಹೊಂದುವುದಿಲ್ಲ.

ಒಂದು ವರ್ಷ ತುಂಬದ ಕೂಸಾದರೆ: ಬೆನ್ನ ಮೇಲೆ ಮಲಗಿಸಬೇಕು. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ದಿಂಬು, ದಪ್ಪ ಹೊದಿಕೆ, ಮೆತ್ತನೆಯ ಗೊಂಬೆ ಯಾವುದೂ ಹತ್ತಿರ ಇರಬಾರದು. ಅಮ್ಮನ ಪಕ್ಕದಲ್ಲೇ ಮಲಗಿಸಿಕೊಳ್ಳುವುದು ನಮ್ಮ ಮನೆಗಳ ರೂಢಿ. ಆದರೆ ವ್ಯಾನಿನ ಹಾಸಿಗೆ ಮನೆಯ ಹಾಸಿಗೆಯಲ್ಲ. ಅಗಲ ಕಡಿಮೆ, ಸ್ಪಂಜು ಮೆತ್ತಗೆ, ಒಂದು ಬದಿಗೆ ಗೋಡೆ, ಗೋಡೆಗೂ ಹಾಸಿಗೆಗೂ ನಡುವೆ ಸಂದಿ. ದಿನವಿಡೀ ಗಾಡಿ ಓಡಿಸಿ ದಣಿದ ಅಪ್ಪ ಪಕ್ಕದಲ್ಲಿ ಗಾಢ ನಿದ್ದೆಯಲ್ಲಿರುತ್ತಾರೆ. ಹಾಗಾಗಿ ಕೂಸು ನಿಮ್ಮ ಕೈಗೆಟುಕುವಷ್ಟು ಹತ್ತಿರ ಇರಲಿ, ಆದರೆ ಅದರದ್ದೇ ಬೇರೆ ಹಾಸಿಗೆಯಲ್ಲಿ ಇರಲಿ. ಮಡಚುವ ಪ್ರಯಾಣದ ತೊಟ್ಟಿಲು ಸಿಗುತ್ತದೆ. ಕೊಳ್ಳುವ ಮುಂಚೆ ಗಾಡಿಯ ನೆಲದ ಉದ್ದ ಅಗಲ ಟೇಪಿನಲ್ಲಿ ಅಳೆಯಿರಿ. ಅಂಗಡಿಯಲ್ಲಿ ಚಿಕ್ಕದಾಗಿ ಕಂಡದ್ದು ಗಾಡಿಯೊಳಗೆ ಬಾಗಿಲಿಗೇ ಅಡ್ಡ ಬರುತ್ತದೆ.

ಒಂದರಿಂದ ಮೂರು ವರ್ಷದ ಮಗುವಾದರೆ: ಈ ವಯಸ್ಸಿನ ಮಕ್ಕಳು ನಿದ್ದೆಯಲ್ಲಿ ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತಾರೆ. ಇವರಿಗೆ ನೆಲವೇ ಒಳ್ಳೆಯದು. ಬೀಳುವುದಕ್ಕೆ ಜಾಗವೇ ಇಲ್ಲ ನೋಡಿ! ನಮ್ಮ ಪ್ರವಾಸದ ಎರಡನೇ ರಾತ್ರಿ ಅತ್ತೆ ಮಾಡಿದ್ದು ಅದನ್ನೇ. ಎರಡು ಸೀಟಿನ ನಡುವಿನ ನೆಲ ಒರೆಸಿ, ಚಾಪೆ ಹಾಸಿ, ಮೇಲೆ ಕೌದಿಯನ್ನು ಎರಡು ಪದರ ಮಡಚಿ ಹಾಸಿದರು. ಎರಡೂ ಬದಿಗೆ ಸೀಟಿನ ಗೋಡೆ, ಕಾಲ ಬಳಿ ಬಟ್ಟೆಯ ಚೀಲ, ತಲೆಯ ಬಳಿ ಅತ್ತೆಯ ಹಾಸಿಗೆ. ಮಗಳು ಬೆಳಗಿನವರೆಗೆ ಎದ್ದಿಲ್ಲ. ಆ ದಾರಿಯಲ್ಲಿ ರಾತ್ರಿ ಯಾರೂ ಓಡಾಡದಂತೆ ನೋಡಿಕೊಳ್ಳಬೇಕು, ಅಷ್ಟೆ. ಗಾಡಿಯಲ್ಲಿ ನೆಲ ಸಾಲದಿದ್ದರೆ ಕೆಳಗಿನ ದೊಡ್ಡ ಹಾಸಿಗೆಯಲ್ಲಿ ಅಮ್ಮನ ಜತೆ ಮಲಗಿಸಿ, ಆದರೆ ಗೋಡೆಯ ಕಡೆಯ ಸಂದಿಯನ್ನು ಬಿಗಿಯಾಗಿ ಸುತ್ತಿದ ಚಾದರದಿಂದ ಮುಚ್ಚಿ. ಕುಶನ್ ಜೋಡಿಸಿ ಮಾಡುವ ಹಾಸಿಗೆಯಾದರೆ, ಎಲ್ಲ ಕುಶನ್‌ಗಳ ಮೇಲೂ ಒಂದೇ ತೆಳು ಹಾಸಿಗೆ ಹಾಸಿ, ಅವು ಬೇರೆಬೇರೆಯಾಗಿ ಜಾರದ ಹಾಗೆ ಕಟ್ಟಿ. ನಾವು ಮಾಡದೆ ಬಿಟ್ಟದ್ದು ಇದನ್ನೇ.

ಮೂರರಿಂದ ಆರು ವರ್ಷದ ಮಗುವಾದರೆ: ಕೆಳಗಿನ ಬರ್ತ್, ಅದಕ್ಕೊಂದು ತಡೆ. ಮೇಲಿನ ಬರ್ತ್ ಎಂದರೆ ಈ ಮಕ್ಕಳಿಗೆ ಪ್ರಾಣ. ಏಣಿ ಹತ್ತುವುದು, ಕಿಟಕಿಯಿಂದ ಇಣುಕುವುದು, ಎಲ್ಲ ಆಟ. ಹಗಲು ನಿಮ್ಮ ಕಣ್ಣೆದುರಿಗೆ ಆಡಲಿ. ರಾತ್ರಿ ಬೇಡ. ಆರು ವರ್ಷದೊಳಗಿನ ಮಕ್ಕಳನ್ನು ಮೇಲಿನ ಬರ್ತಿನಲ್ಲಿ ಮಲಗಿಸಬಾರದು ಎಂಬುದು ಮಕ್ಕಳ ಡಾಕ್ಟರುಗಳ ಸ್ಪಷ್ಟ ಸಲಹೆ. ಗಾಡಿಯ ಮೇಲ್ಛಾವಣಿ ಎತ್ತಿ ಮಾಡುವ ಹಾಸಿಗೆಗೂ ಇದೇ ಮಾತು.

ಆರು ದಾಟಿದ ಮಗುವಾದರೆ: ಮೇಲೆ ಮಲಗಬಹುದು, ತಡೆಪಟ್ಟಿ ಸರಿಯಾಗಿದ್ದರೆ ಮಾತ್ರ. ಎರಡು ಮಹಡಿಯ ಮಂಚಗಳಿಗೆ ಅಮೆರಿಕದಲ್ಲಿ ಇರುವ ನಿಯಮ ಒಳ್ಳೆಯ ಅಳತೆಗೋಲು. ಹಾಸಿಗೆಯ ಮೇಲ್ಮೈಯಿಂದ ತಡೆಪಟ್ಟಿ ಕನಿಷ್ಠ 5 ಇಂಚು ಎತ್ತರ ಇರಬೇಕು, ಪಟ್ಟಿಗಳ ನಡುವಿನ ಸಂದಿ ಮೂರೂವರೆ ಇಂಚಿಗಿಂತ ಹೆಚ್ಚಿರಬಾರದು. ಎರಡನೆಯದಕ್ಕೆ ಕಾರಣ ತಿಳಿದಿರಲಿ. ಸಂದಿ ದೊಡ್ಡದಾದರೆ ಪುಟ್ಟ ಮಗುವಿನ ಮೈ ಅದರೊಳಗೆ ಜಾರಿಬಿಡುತ್ತದೆ, ತಲೆ ಮಾತ್ರ ಸಿಕ್ಕಿಕೊಳ್ಳುತ್ತದೆ. ಬೀಳುವುದಕ್ಕಿಂತ ಅದು ಹೆಚ್ಚು ಅಪಾಯ. ತೆಳು ಹಾಸಿಗೆಯ ಮೇಲೆ ಇನ್ನೊಂದು ದಪ್ಪ ಹಾಸಿಗೆ ಹಾಕಿದರೆ ತಡೆಪಟ್ಟಿಯ ಎತ್ತರ ಅಷ್ಟು ಕಡಿಮೆಯಾಯಿತು ಎಂಬುದನ್ನೂ ಮರೆಯಬೇಡಿ.

ಜೋಲಿ ಕಟ್ಟಬಹುದೇ?

"ರೈಲಿನಲ್ಲಿ ಎರಡು ಬರ್ತ್ ನಡುವೆ ಸೀರೆ ಕಟ್ಟಿ ಜೋಲಿ ಮಾಡಿ ಮಕ್ಕಳನ್ನು ಮಲಗಿಸಿಲ್ಲವೇ ನಾವು?" ಎಂದು ಹಿರಿಯರು ಕೇಳುತ್ತಾರೆ. ನಿಜ. ಮುಂಬೈಯಿಂದ ಊರಿಗೆ ಹೋಗುವ ರೈಲುಗಳಲ್ಲಿ ಎಷ್ಟು ಮಕ್ಕಳು ಅಮ್ಮನ ಹಳೆಯ ಸೀರೆಯಲ್ಲಿ ತೂಗಿಸಿಕೊಂಡು ಹೋಗಿಲ್ಲ! ನಮ್ಮಲ್ಲಿ ಹಲವರು ಹಾಗೆ ಹೋದವರೇ.

ಜೋಲಿಯಲ್ಲಿ ಅಳುವ ಮಗುವನ್ನು ಸುಮ್ಮನಾಗಿಸಬಹುದು, ಒಬ್ಬರು ಪಕ್ಕದಲ್ಲಿ ಕೂತು ತೂಗುತ್ತಾ ನೋಡಿಕೊಳ್ಳುತ್ತಿದ್ದರೆ ಹಗಲಿನ ಕೋಳಿನಿದ್ದೆಗೂ ಸರಿ. ಆದರೆ ಎಲ್ಲರೂ ಮಲಗಿದ ಮೇಲೆ ರಾತ್ರಿಯಿಡೀ ಅದರಲ್ಲಿ ಬಿಡುವುದು ಬೇಡ. ಬಟ್ಟೆ ಬಾಗಿದಾಗ ಕೂಸಿನ ಗಲ್ಲ ಎದೆಗೆ ಒತ್ತುತ್ತದೆ, ಮಗ್ಗುಲಾದರೆ ಮುಖಕ್ಕೆ ಬಟ್ಟೆ ಮುಚ್ಚುತ್ತದೆ. ಇನ್ನು ವ್ಯಾನಿನೊಳಗಿನ ಹಿಡಿ, ಕೊಕ್ಕೆಗಳು ಚೀಲ ತೂಗುಹಾಕಲು ಮಾಡಿದವು. ಹನ್ನೆರಡು ಕಿಲೋ ಭಾರ ತೂಗಲು ಮಾಡಿದವಲ್ಲ.

ರೈಲಿನವರೂ ಈ ಕಷ್ಟವನ್ನು ಕಂಡಿದ್ದಾರೆ. 2022ರಲ್ಲಿ ಉತ್ತರ ರೈಲ್ವೆಯ ಲಖನೌ ವಿಭಾಗದವರು ಲಖನೌ ಮೇಲ್ ಗಾಡಿಯಲ್ಲಿ ಪ್ರಯೋಗಕ್ಕೆಂದು ಶಿಶು ಬರ್ತ್ ಜೋಡಿಸಿದರು. ಕೆಳಗಿನ ಬರ್ತಿನ ಅಂಚಿಗೆ ಕೀಲು ಹಾಕಿ ಸೇರಿಸಿದ ಪುಟ್ಟ ಹಾಸಿಗೆ ಅದು. ಮಗು ಹೊರಳದಂತೆ ತಡೆ ಇತ್ತು, ಬೇಡದಾಗ ಮಡಚಿಡಬಹುದಿತ್ತು. ಅದರ ಹಿಂದಿನ ಯೋಚನೆ ವ್ಯಾನಿಗೂ ಹೊಂದುತ್ತದೆ. ಅಮ್ಮನ ಕೈಗೆ ಸಿಗುವಷ್ಟು ಹತ್ತಿರ, ಆದರೆ ಅಮ್ಮನ ಮೈಯಡಿ ಸಿಕ್ಕದಷ್ಟು ಬೇರೆ.

ಗಾಳಿ, ಸೆಕೆ, ಮತ್ತು ಕಾಣದ ಹೊಗೆ

ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಓದಿ.

2024ರ ಡಿಸೆಂಬರ್‌ನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಒಂದು ಕ್ಯಾರವಾನ್‌ನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ಅನಿಲ ಒಳಗೆ ಸೇರಿದ್ದೇ ಕಾರಣ ಎಂದು ತನಿಖೆಯಲ್ಲಿ ಕಂಡುಬಂತು. ಅವರಿಬ್ಬರೂ ದೊಡ್ಡವರು. ಆ ಊರು ಇರುವುದು ಪನ್ವೇಲ್‌ನಿಂದ ಕನ್ಯಾಕುಮಾರಿಗೆ ಹೋಗುವ 66ನೇ ರಾಷ್ಟ್ರೀಯ ಹೆದ್ದಾರಿಯಲ್ಲೇ. ನಾವು ಉಡುಪಿಗೆ ಹೋಗುವ ದಾರಿಯೂ ಅದೇ.

ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಮ್ಮು ಬರಿಸಿ ಎಚ್ಚರಿಸುವುದೂ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ, ಮಲಗಿದ್ದವರು ಏಳುವುದೇ ಇಲ್ಲ. ಪುಟ್ಟ ಮಕ್ಕಳು ದೊಡ್ಡವರಿಗಿಂತ ಬೇಗಬೇಗ ಉಸಿರಾಡುತ್ತಾರೆ, ಹಾಗಾಗಿ ಅವರಿಗೆ ಬೇಗ ಏರುತ್ತದೆ. ಆದ್ದರಿಂದ ಎಷ್ಟೇ ಸೆಕೆಯಿದ್ದರೂ ಇಂಜಿನ್ ಅಥವಾ ಜನರೇಟರ್ ಚಾಲೂ ಇಟ್ಟು, ಎ.ಸಿ. ಹಾಕಿಕೊಂಡು ಮಲಗಬೇಡಿ. ಎ.ಸಿ. ಬೇಕೆಂದರೆ ಹೊರಗಿನಿಂದ ಕರೆಂಟ್ ಕೊಡುವ ಜಾಗದಲ್ಲಿ ನಿಲ್ಲಿಸಿ. ಚಳಿಯೆಂದು ಗ್ಯಾಸ್ ಒಲೆ ಹಚ್ಚಿಟ್ಟು ಬೆಚ್ಚಗಾಗಬೇಡಿ, ಇದ್ದಿಲಿನ ಕೆಂಡ ಒಳಗೆ ತರಬೇಡಿ. ಕಾರ್ಬನ್ ಮೊನಾಕ್ಸೈಡ್ ಸೋಂಕಿದರೆ ಕೂಗುವ ಪುಟ್ಟ ಅಲಾರಂ ಸಿಗುತ್ತದೆ, ಬ್ಯಾಟರಿಯಲ್ಲಿ ನಡೆಯುತ್ತದೆ. ಬಾಡಿಗೆ ಗಾಡಿಯಲ್ಲಿ ಅದು ಇಲ್ಲದಿದ್ದರೆ ನೀವೇ ಕೊಂಡು ಒಯ್ಯಿರಿ.

ಸೆಕೆಗೆ ಉಪಾಯ ಗಾಳಿಯ ಓಡಾಟ. ಎದುರುಬದುರಾದ ಎರಡು ಕಿಟಕಿ, ಅಥವಾ ಒಂದು ಕಿಟಕಿ ಮತ್ತು ಮೇಲಿನ ಗವಾಕ್ಷಿ, ಸ್ವಲ್ಪ ತೆರೆದಿರಲಿ. ಎರಡಕ್ಕೂ ಸೊಳ್ಳೆ ಜಾಲರಿ ಇರಲೇಬೇಕು. ಮಗುವಿಗೆ ಸೆಕೆಯೋ ಚಳಿಯೋ ಎಂದು ತಿಳಿಯಲು ಕೈಕಾಲು ಮುಟ್ಟಿ ನೋಡಬೇಡಿ, ಅವು ಸಾಮಾನ್ಯವಾಗಿ ತಣ್ಣಗೇ ಇರುತ್ತವೆ. ಎದೆ ಅಥವಾ ಕುತ್ತಿಗೆಯ ಹಿಂಭಾಗ ಮುಟ್ಟಿ. ಬೆವೆತಿದ್ದರೆ ಒಂದು ಪದರ ಬಟ್ಟೆ ತೆಗೆಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಕರಾವಳಿಯ ರಾತ್ರಿಗಳಲ್ಲಿ ಎಷ್ಟು ಕಿಟಕಿ ತೆರೆದರೂ ಮಗು ಬೆವೆಯುತ್ತದೆ. ಪುಟ್ಟ ಮಕ್ಕಳಿದ್ದರೆ ಈ ಪ್ರವಾಸವನ್ನು ಡಿಸೆಂಬರ್, ಜನವರಿಗೆ ಇಟ್ಟುಕೊಳ್ಳುವುದು ಜಾಣತನ.

ಇನ್ನೊಂದು ಮಾತು. ಹಗಲು ಹೊತ್ತು ಮಲಗಿದ ಮಗುವನ್ನು ಗಾಡಿಯೊಳಗೆ ಬಿಟ್ಟು "ಎರಡು ನಿಮಿಷ ಚಹಾ ಕುಡಿದು ಬರೋಣ" ಅಂತ ಇಳಿಯಬೇಡಿ. ಬಿಸಿಲಿಗೆ ನಿಂತ ಮುಚ್ಚಿದ ಗಾಡಿಯೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಬಿಸಿ ಏರಬಹುದು. ಮಕ್ಕಳ ಮೈ ದೊಡ್ಡವರದಕ್ಕಿಂತ ಬೇಗ ಕಾಯುತ್ತದೆ. ಚಹಾವನ್ನು ಗಾಡಿಗೇ ತರಿಸಿಕೊಳ್ಳಿ.

ಸೊಳ್ಳೆಗೆ ಮುಚ್ಚಿದ ಗಾಡಿಯಲ್ಲಿ ಕಾಯಿಲ್ ಹಚ್ಚಬೇಡಿ, ಆ ಹೊಗೆ ಮಗುವಿನ ಎದೆಗೆ ಒಳ್ಳೆಯದಲ್ಲ. ಪರದೆಯೇ ಲೇಸು. ಎರಡು ತಿಂಗಳೊಳಗಿನ ಕೂಸಿಗೆ ಸೊಳ್ಳೆಯ ಮುಲಾಮನ್ನೂ ಹಚ್ಚಬಾರದು. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಆದ್ದರಿಂದ ಮಧ್ಯಾಹ್ನದ ನಿದ್ದೆಗೂ ಪರದೆ ಬೇಕು.

ನಿದ್ದೆ ಬರಬೇಕಲ್ಲ!

ಜಾಗ ಸರಿಯಾಯಿತು, ಗಾಳಿ ಸರಿಯಾಯಿತು. ಆದರೆ ಹೊಸ ಜಾಗದಲ್ಲಿ ಮಗು ಮಲಗಬೇಕಲ್ಲ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಇದರಲ್ಲಿ ಹಗಲಿನ ನಿದ್ದೆಯೂ ಸೇರಿತು. ಪ್ರವಾಸದಲ್ಲಿ ನಾವು ಮೊದಲು ಕತ್ತರಿ ಹಾಕುವುದು ಇದಕ್ಕೇ. ಆಮೇಲೆ ಮಗು ಹಠ ಮಾಡಿತು, ಊಟ ಬಿಟ್ಟಿತು ಅಂತ ಗೊಣಗುತ್ತೇವೆ.

ನಮಗೆ ಫಲ ಕೊಟ್ಟ ಕೆಲವು ಉಪಾಯ ಹೇಳುತ್ತೇನೆ. ಹೊರಡುವ ಹಿಂದಿನ ರಾತ್ರಿ ಗಾಡಿ ಸಿಕ್ಕರೆ, ನಿಮ್ಮ ಬಿಲ್ಡಿಂಗಿನ ಕಾಂಪೌಂಡಿನಲ್ಲೇ ನಿಲ್ಲಿಸಿ ಒಂದು ರಾತ್ರಿ ಅದರಲ್ಲೇ ಮಲಗಿ ನೋಡಿ. ಏನು ಮರೆತಿದ್ದೀರಿ ಎಂಬುದು ಅಂದೇ ತಿಳಿಯುತ್ತದೆ, ಲಿಫ್ಟಿನಲ್ಲಿ ಮೇಲೆ ಹೋಗಿ ತರಬಹುದು. ಅದಾಗದಿದ್ದರೆ ಮನೆಯಲ್ಲಿಯೇ ನಾಲ್ಕೈದು ದಿನ ಮಗುವನ್ನು ಪ್ರವಾಸದ ಹಾಸಿಗೆಯ ಮೇಲೆ ಮಲಗಿಸಿ. ಆ ಚಾದರವನ್ನು ತೊಳೆಯದೆ ಹಾಗೆಯೇ ಒಯ್ಯಿರಿ. ಮನೆಯ ವಾಸನೆ ಇದ್ದರೆ ಮಗುವಿಗೆ ಧೈರ್ಯ. ಊಟ, ಹಾಲು, ಕಥೆ, ದೀಪ ಆರಿಸುವುದು, ಈ ಕ್ರಮ ಮನೆಯಲ್ಲಿ ಹೇಗೋ ಗಾಡಿಯಲ್ಲೂ ಹಾಗೇ ಇರಲಿ. ಕಿಟಕಿಗೆ ದಪ್ಪ ಪರದೆ ಹಾಕಿ, ಇಲ್ಲದಿದ್ದರೆ ಬೀದಿದೀಪದ ಬೆಳಕಿಗೆ ರಾತ್ರಿಯೂ, ಬೆಳಗಿನ ಬಿಸಿಲಿಗೆ ಆರಕ್ಕೂ ಏಳುತ್ತಾರೆ.

ಸಂಜೆ ಬೆಳಕಿರುವಾಗಲೇ ಗಾಡಿ ನಿಲ್ಲಿಸಿ. ನೆಲ ಸಮತಟ್ಟಾಗಿದೆಯೇ ನೋಡಿ, ಚಕ್ರಕ್ಕೆ ಕಲ್ಲು ಕೊಡಿ. ಸ್ವಲ್ಪ ಇಳಿಜಾರಿದ್ದರೆ ತಲೆ ಎತ್ತರದ ಕಡೆಗೆ ಬರಲಿ. ಹೆದ್ದಾರಿಯ ಅಂಚಿನಲ್ಲಿ ಮಾತ್ರ ರಾತ್ರಿ ಕಳೆಯಬೇಡಿ. ನೆಂಟರ ಮನೆಯ ಅಂಗಳ, ಕೇಳಿ ಒಪ್ಪಿಗೆ ಪಡೆದ ಹೋಟೆಲಿನ ಆವರಣ, ಕ್ಯಾರವಾನ್ ಪಾರ್ಕ್, ಇವೇ ವಾಸಿ. ಹತ್ತಿರದ ಆಸ್ಪತ್ರೆ ಯಾವುದು, ಎಷ್ಟು ದೂರ ಎಂದು ಸಂಜೆಯೇ ಕೇಳಿ ಬರೆದಿಡಿ. ಗಾಡಿಯ ಬಾಗಿಲಿಗೆ ಮಕ್ಕಳಿಗೆ ತೆಗೆಯಲಾಗದ ಲಾಕ್ ಹಾಕಿ, ಆದರೆ ದೊಡ್ಡವರೆಲ್ಲರಿಗೂ ಅದನ್ನು ಕತ್ತಲಲ್ಲಿ ತೆಗೆಯಲು ಗೊತ್ತಿರಲಿ. ಟಾರ್ಚ್ ಮತ್ತು ಗಾಡಿಯ ಕೀಲಿ ಯಾವಾಗಲೂ ಒಂದೇ ಜಾಗದಲ್ಲಿರಲಿ. ಆ ರಾತ್ರಿ ನನಗೆ ದೀಪದ ಸ್ವಿಚ್ ಸಿಕ್ಕಿರಲಿಲ್ಲ ಎಂದೆನಲ್ಲ, ಮರುದಿನದಿಂದ ಟಾರ್ಚ್ ನನ್ನ ದಿಂಬಿನ ಪಕ್ಕದಲ್ಲೇ.

ಗಾಡಿಯವರನ್ನು ಕೇಳಬೇಕಾದ ಏಳು ಪ್ರಶ್ನೆ

ಮುಂಗಡ ಹಣ ಕೊಡುವ ಮುಂಚೆ ಇವನ್ನು ಕೇಳಿ. ಸಾಧ್ಯವಾದರೆ ಹೋಗಿ ಕಣ್ಣಾರೆ ನೋಡಿ.

1. ಮುಂದಕ್ಕೆ ಮುಖ ಮಾಡಿದ, ಮೂರು ಕಡೆ ಬಿಗಿಯುವ ಬೆಲ್ಟ್ ಇರುವ ಸೀಟುಗಳು ಎಷ್ಟು? ಅವುಗಳ ಮೇಲೆ ನಮ್ಮ ಚೈಲ್ಡ್ ಸೀಟು ಕೂರುತ್ತದೆಯೇ?
2. ಹಾಸಿಗೆಗಳಲ್ಲಿ ಕೆಳಗಿನವು ಎಷ್ಟು, ಮೇಲಿನವು ಎಷ್ಟು? ಪ್ರತಿಯೊಂದರ ಉದ್ದ ಅಗಲ ಎಷ್ಟು?
3. ಕುಶನ್ ಜೋಡಿಸಿ ಮಾಡುವ ಹಾಸಿಗೆ ಇದ್ದರೆ, ಕುಶನ್‌ಗಳು ಜಾರದಂತೆ ಏನು ವ್ಯವಸ್ಥೆ?
4. ಹಾಸಿಗೆಗಳನ್ನೆಲ್ಲ ಬಿಡಿಸಿದ ಮೇಲೆ ಖಾಲಿ ನೆಲ ಎಷ್ಟು ಉಳಿಯುತ್ತದೆ?
5. ಕಿಟಕಿಗಳಿಗೆ ಜಾಲರಿ ಇದೆಯೇ, ಹರಿದಿಲ್ಲವೇ?
6. ಎ.ಸಿ. ನಡೆಯುವುದು ಯಾವುದರಿಂದ, ಇಂಜಿನ್, ಜನರೇಟರ್ ಅಥವಾ ಹೊರಗಿನ ಕರೆಂಟ್?
7. ಕಾರ್ಬನ್ ಮೊನಾಕ್ಸೈಡ್ ಅಲಾರಂ ಮತ್ತು ಬೆಂಕಿ ಆರಿಸುವ ಸಿಲಿಂಡರ್ ಇವೆಯೇ?

"ನಾಲ್ಕು ಜನ ಮಲಗಬಹುದು" ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ. ಯಾವ ನಾಲ್ಕು ಜನ, ಎಷ್ಟು ವಯಸ್ಸಿನವರು ಎಂದು ಹೇಳಿ, ಆಮೇಲೆ ಉತ್ತರ ಕೇಳಿ.

ಡೊಂಬಿವಲಿಯ ತಂಗಿಗೆ

ಹಾಗಾದರೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು, ತಂಗೀ. ಐದು ವರ್ಷದ ಮಗನಿಗೆ ಕೆಳಗಿನ ಬರ್ತ್, ತಡೆಯೊಂದಿಗೆ. ಮೇಲಿನ ಬರ್ತಿಗೆ ಅವನು ಎಷ್ಟು ಅತ್ತರೂ ಇನ್ನೊಂದು ವರ್ಷ ಕಾಯಲಿ. ಒಂದೂವರೆ ವರ್ಷದ ಮಗಳಿಗೆ ನಿಮ್ಮ ಹಾಸಿಗೆಯ ಪಕ್ಕದಲ್ಲೇ ನೆಲದ ಮೇಲೆ ಹಾಸಿಗೆ. ನೀವು ಕೆಳಗಿನ ಹಾಸಿಗೆಯ ಅಂಚಿಗೆ ಮಲಗಿ, ಕೈ ಇಳಿಬಿಟ್ಟರೆ ಅವಳ ಮೈ ಸಿಗುವಂತಿರಲಿ. ಮೇಲಿನ ಬರ್ತ್ ಯಜಮಾನರಿಗೆ. ಅವರು ಇಳಿಯುವಾಗ ಮಗುವಿನ ಮೇಲೆ ಕಾಲಿಡದ ಹಾಗೆ ಏಣಿ ಇನ್ನೊಂದು ಬದಿಗಿರಲಿ. ಗಾಡಿ ಓಡುವಾಗ ಇಬ್ಬರೂ ಮಕ್ಕಳು ಅವರವರ ಸೀಟಿನಲ್ಲಿ. ಮುಂಬೈಯಿಂದ ಉಡುಪಿಗೆ ಸುಮಾರು 900 ಕಿಲೋಮೀಟರ್ ದಾರಿ. ಮೂರು ನಾಲ್ಕು ದಿನ ಮಾಡಿಕೊಂಡು ಹಗಲಿನಲ್ಲೇ ಹೋಗಿ. ಈ ಏರ್ಪಾಡು ಹಿಡಿಸುವ ಗಾಡಿ ಸಿಕ್ಕದಿದ್ದರೆ, ಈ ಸಲ ರೈಲಿನಲ್ಲೇ ಹೋಗಿಬನ್ನಿ. ಮಕ್ಕಳು ಬೆಳೆಯುತ್ತಾರೆ, ದಾರಿ ಅಲ್ಲೇ ಇರುತ್ತದೆ.

ಮಗಳ ಹಣೆಯ ಊತ ಎರಡು ದಿನದಲ್ಲಿ ಇಳಿಯಿತು. ಅವಳಿಗೆ ಈಗ ಆ ರಾತ್ರಿಯ ನೆನಪೇ ಇಲ್ಲ. ಅವಳಿಗೆ ನೆನಪಿರುವುದು ಅಜ್ಜಿ ಹಾಸಿದ ಕೌದಿ, ಮತ್ತು ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಕಂಡ ಸಮುದ್ರ. ನಿಮ್ಮ ಮಕ್ಕಳಿಗೂ ಸಮುದ್ರವೇ ನೆನಪಿರಲಿ.

ಮಕ್ಕಳೊಂದಿಗೆ ಪ್ರಯಾಣ ಮಾಡಿದ ನಿಮ್ಮ ಅನುಭವ, ನಿಮ್ಮ ಮನೆಯ ಹಿರಿಯರು ಹೇಳಿಕೊಟ್ಟ ಉಪಾಯ ಇದ್ದರೆ ಬರೆದು ಕಳಿಸಿ. ಕಾರ್ಯಕ್ರಮದಲ್ಲಿ ಓದೋಣ.